ಜಲ್ಲಿ ದಾರಿಯಲ್ಲಿ ಗುಂಪಿನ ಜೊತೆ ಮೊದಲ ಸಲ ಸೈಕಲ್ ಸವಾರಿಗೆ ಹೋಗುವಾಗ ಏನೇನು ಗಮನಿಸಬೇಕು?

ಇದುವರೆಗೆ ಡಾಂಬರು ರಸ್ತೆಯಲ್ಲಿ ಮಾತ್ರ ಸೈಕಲ್ ತುಳಿದಿದ್ದೀರಿ. ಈಗ ಗೆಳೆಯರು ಹಳ್ಳಿಗಾಡಿನ ಮಣ್ಣು, ಜಲ್ಲಿ ದಾರಿಯಲ್ಲಿ 60 ಕಿ.ಮೀ. ಹೋಗೋಣ ಅಂತ ಕರೆದಿದ್ದಾರೆ. ಹೊಸ ಸೈಕಲ್ ಕೊಳ್ಳಬೇಕಾ, ಎಲ್ಲರಿಗಿಂತ ಹಿಂದೆ ಉಳಿದುಬಿಟ್ಟರೆ ಏನು ಗತಿ ಅಂತ ಕೇಳಿದ್ದೀರಿ.

ಸೈಕಲ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನಿಮ್ಮ ಈಗಿನ ಸೈಕಲ್‌ಗೆ 35 ಮಿ.ಮೀ. ಅಗಲದ ಟೈರ್ ಹಿಡಿಸಿ, ಅದರ ಎರಡೂ ಪಕ್ಕ ಮಣ್ಣು ಸಿಕ್ಕಿಕೊಳ್ಳದಷ್ಟು ಜಾಗ ಉಳಿದರೆ ಮೊದಲ ಸವಾರಿಗೆ ಅದೇ ಸಾಕು. ಎಂಟಿಬಿ, ಅಂದರೆ ದಪ್ಪ ಟೈರಿನ ಮೌಂಟನ್ ಬೈಕ್ ಇದ್ದರೂ ಆದೀತು. 25 ಮಿ.ಮೀ. ಟೈರ್ ಮಾತ್ರ ಹಿಡಿಸುವ ರೇಸಿಂಗ್ ಸೈಕಲ್ ಆದರೆ ಅದನ್ನು ಮನೆಯಲ್ಲೇ ಬಿಟ್ಟು, ಯಾರ ಹತ್ತಿರವಾದರೂ ಒಂದು ದಿನಕ್ಕೆ ಕೇಳಿ ತನ್ನಿ.

ಹಿಂದೆ ಉಳಿಯುವ ಭಯದ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಜಲ್ಲಿ ದಾರಿಯಲ್ಲಿ ಹೊಸಬರು ಎಷ್ಟೋ ಸಲ ಬೀಳುವುದು ಈ ಭಯದಿಂದಲೇ. ಗುಂಪು ಕೈತಪ್ಪಬಾರದು ಅಂತ ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋಗುತ್ತಾರೆ. ಡಾಂಬರಿನಲ್ಲಿ ಹಾಗೆ ಹೋದರೆ ಲಾಭ ಇದೆ, ಮುಂದಿನವರು ಗಾಳಿಯನ್ನು ಸೀಳಿ ಕೊಡುತ್ತಾರೆ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಗಂಟೆಗೆ 35 ಕಿ.ಮೀ. ಇದ್ದದ್ದು ಜಲ್ಲಿಯಲ್ಲಿ 20ಕ್ಕೆ ಬಂದರೆ ಆ ತಡೆ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದುಹೋಗುತ್ತದೆ. ಅಂದರೆ ಅಂಟಿಕೊಂಡು ಹೋಗಿ ಉಳಿಸಿಕೊಳ್ಳುವ ಶ್ರಮ ಅಷ್ಟೇನೂ ಇಲ್ಲ. ಮುಂದಿನವರು ದಾಟಿದ ಗುಂಡಿ ಮಾತ್ರ ನಿಮ್ಮ ಚಕ್ರದ ಕೆಳಗೆ ಬಂದ ಮೇಲೇ ಕಾಣುತ್ತದೆ. ಧೂಳು ಬೇರೆ. ಸಮತಟ್ಟು ದಾರಿಯಲ್ಲಿ ಮೂರು ಸೈಕಲ್ ಉದ್ದದಷ್ಟು ಅಂತರ ಬಿಡಿ, ಇಳಿಜಾರಿನಲ್ಲಿ ಅದರ ಎರಡರಷ್ಟು.

ವಾಹನ ಓಡಾಡುವ ಮಣ್ಣು ದಾರಿಯಲ್ಲಿ ಚಕ್ರ ಉರುಳಿ ಗಟ್ಟಿಯಾದ ಎರಡು ಪಟ್ಟಿಗಳಿರುತ್ತವೆ. ನಡುವೆ ಮತ್ತು ಅಂಚಿನಲ್ಲಿ ಸಡಿಲ ಜಲ್ಲಿ ಗುಡ್ಡೆ ಕಟ್ಟಿರುತ್ತದೆ. ಗಟ್ಟಿ ಪಟ್ಟಿ ಹಿಡಿದು ಹೋಗಿ. ಈ ಪಟ್ಟಿಯಿಂದ ಆ ಪಟ್ಟಿಗೆ ದಾಟಬೇಕಾದಾಗ ಮೊದಲೇ ವೇಗ ಇಳಿಸಿಕೊಳ್ಳಿ, ಜಲ್ಲಿಯ ಮೇಲೆ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಚಬೇಡಿ, ಪೆಡಲ್ ತುಳಿಯುತ್ತಲೇ ದಾಟಿ. ಮುಂದಿನ ಚಕ್ರ ಸ್ವಲ್ಪ ಆಚೀಚೆ ಅಲೆದಾಡುತ್ತದೆ. ಅಲೆಯಲು ಬಿಡಿ. ಮೊಣಕೈ ಸಡಿಲವಾಗಿದ್ದರೆ ಅದು ತಾನಾಗಿಯೇ ನೇರವಾಗುತ್ತದೆ. ಬಿಗಿಹಿಡಿದರೇ ಬೀಳುವುದು. ಕೆಲವು ಕಡೆ ರಸ್ತೆ ತಗಡಿನ ಶೀಟಿನ ಹಾಗೆ ಅಡ್ಡಡ್ಡ ಏರಿಳಿದಿರುತ್ತದೆ. ಅಲ್ಲಿ ಸೀಟಿನಿಂದ ಒಂಚೂರು ಮೇಲೆದ್ದು, ದೊಡ್ಡ ಗೇರಿನಲ್ಲಿ ನಿಧಾನ ತುಳಿದರೆ ಬೆನ್ನು ಉಳಿಯುತ್ತದೆ.

ಇನ್ನು ಟೈರಿನ ಗಾಳಿ. ನನ್ನ ಕೇಳಿದರೆ ವಾರಗಟ್ಟಲೆ ಮಾಡುವ ಅಭ್ಯಾಸಕ್ಕಿಂತ ಹೆಚ್ಚಿನ ವ್ಯತ್ಯಾಸ ಇದರಿಂದಲೇ ಆಗುತ್ತದೆ. ಗಟ್ಟಿ ಗಾಳಿ ತುಂಬಿದ ಟೈರ್ ಪ್ರತಿ ಕಲ್ಲಿಗೂ ಪುಟಿಯುತ್ತದೆ, ನೀವು ತುಳಿದ ಶಕ್ತಿಯೆಲ್ಲ ಮೇಲೆ ಕೆಳಗೆ ಕುಣಿಯುವುದಕ್ಕೇ ಖರ್ಚಾಗುತ್ತದೆ. ಮೆತ್ತಗಿದ್ದರೆ ಕಲ್ಲನ್ನು ಒಳಗೆ ತೆಗೆದುಕೊಂಡು ಉರುಳುತ್ತದೆ. 70 ಕೆ.ಜಿ. ತೂಕದವರು 40 ಮಿ.ಮೀ. ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದ) ಟೈರಿಗೆ 30–35 ಪಿಎಸ್‌ಐ (ಪಂಪಿನ ಮೀಟರ್ ತೋರಿಸುವ ಗಾಳಿಯ ಒತ್ತಡದ ಅಳತೆ) ಇಟ್ಟು ಶುರುಮಾಡಬಹುದು. ಒಳಗೆ ಟ್ಯೂಬ್ ಇದ್ದರೆ, ಅಥವಾ ಟೈರ್ ಇನ್ನೂ ಸಣ್ಣದಾದರೆ, ಅದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ, ಇಲ್ಲದಿದ್ದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹರಿಯುತ್ತದೆ. ರಿಮ್ ನೆಲಕ್ಕೆ ಬಡಿದ ಸದ್ದು ಕೇಳಿದರೆ ಗಾಳಿ ಹಾಕಿ, ಅಂಗೈ ಜೋಮು ಹಿಡಿದರೆ ತುಸು ಬಿಡಿ.

ಪಂಕ್ಚರ್ ಆಗೇ ಆಗುತ್ತದೆ ಅಂದುಕೊಂಡೇ ಹೊರಡಿ. ಅಮೆರಿಕದ ಕಾನ್ಸಸ್‌ನಲ್ಲಿ 2006ರಲ್ಲಿ ಶುರುವಾದ, ಈಗ ಅನ್‌ಬೌಂಡ್ ಗ್ರಾವೆಲ್ ಅನ್ನುವ ಜಲ್ಲಿ ದಾರಿಯ ಸೈಕಲ್ ರೇಸಿನಲ್ಲಿ 200 ಮೈಲಿ, ಅಂದರೆ ಸುಮಾರು 320 ಕಿ.ಮೀ. ತುಳಿಯುವವರಿಗೂ ಅಲ್ಲಿನ ಚೂಪು ಚಕಮಕಿ ಕಲ್ಲು ಟೈರ್ ಕೊಯ್ದುಹಾಕುತ್ತದೆ. ಟ್ಯೂಬ್‌ಲೆಸ್ ಆದರೆ ತೂತಿನಿಂದ ಬಿಳಿ ಸೀಲೆಂಟ್ (ತೂತು ಮುಚ್ಚಲೆಂದು ಟೈರಿನೊಳಗೆ ಹಾಕಿರುವ ದ್ರವ) ಚಿಮ್ಮುತ್ತದೆ, ಗಾಬರಿಯಾಗಬೇಡಿ. ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ನಿಲ್ಲಿಸಿದರೆ ದ್ರವ ಅಲ್ಲಿಗೆ ಇಳಿದು ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ರಬ್ಬರ್ ಪ್ಲಗ್ ಚುಚ್ಚಿ, ಮತ್ತೆ ಗಾಳಿ ಹಾಕಿ. ಅದಕ್ಕೂ ಬಗ್ಗದಿದ್ದರೆ ಟ್ಯೂಬ್ ಹಾಕುವುದೇ ದಾರಿ. ಆದರೆ ಹಾಕುವ ಮೊದಲು ಟೈರಿನ ಒಳಮೈ ಪೂರ್ತಿ ಬೆರಳಾಡಿಸಿ ನೋಡಿ, ಮೆಲ್ಲಗೆ, ಮುಳ್ಳು ಬೆರಳಿಗೂ ಚುಚ್ಚುತ್ತದೆ. ಒಂದು ಮುಳ್ಳು ಉಳಿದರೂ ಹೊಸ ಟ್ಯೂಬ್ ಕೆಟ್ಟಂತೆ. ಹಾಗಾಗಿ ನಿಮ್ಮ ಅಳತೆಯ ಟ್ಯೂಬ್, ಪಂಪ್, ಟೈರನ್ನು ರಿಮ್ಮಿನಿಂದ ಎಬ್ಬಿಸುವ ಟೈರ್ ಲಿವರ್, ತುಂಡಾದ ಚೈನು ಸೇರಿಸುವ ಜೋಡಣೆ ಕೊಂಡಿ ನಿಮ್ಮ ಚೀಲದಲ್ಲೇ ಇರಲಿ. ಬೇರೆಯವರ ಟ್ಯೂಬ್ ನಿಮ್ಮ ಚಕ್ರಕ್ಕೆ ಆಗಬೇಕೆಂದಿಲ್ಲ.

ನೀರು ಅಂದುಕೊಂಡಿದ್ದಕ್ಕಿಂತ ಹೆಚ್ಚು ಒಯ್ಯಿರಿ. ದನ, ಕುರಿ ಎದುರಾದರೆ ನಿಧಾನ ಮಾಡಿ, ಮೆಲುದನಿಯಲ್ಲಿ ಮಾತಾಡುತ್ತಾ ಸಾಗಿ. ಬೆಲ್ ಹೊಡೆದರೆ ಬೆದರುತ್ತವೆ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ.

ಕರೆದ ಗೆಳೆಯರಿಗೆ ಇವತ್ತೇ ಫೋನ್ ಮಾಡಿ ಎರಡು ಮಾತು ಕೇಳಿ: ದಾರಿ ಕವಲೊಡೆಯುವ ಕಡೆಯೆಲ್ಲ ಎಲ್ಲರೂ ಸೇರುವವರೆಗೆ ನಿಲ್ಲುತ್ತೀರಾ? ಎಲ್ಲರಿಗಿಂತ ಹಿಂದೆ ದಾರಿ ಗೊತ್ತಿರುವ ಒಬ್ಬರು ಇರುತ್ತಾರಾ? ಎರಡಕ್ಕೂ ಹೌದು ಅಂದರೆ ನೀವು ಎಷ್ಟು ಹಿಂದೆ ಉಳಿದರೂ ಚಿಂತೆಯಿಲ್ಲ, ಆದರೂ ದಾರಿಯ ನಕ್ಷೆಯನ್ನು ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತೆ ಮೊಬೈಲಿಗೆ ಇಳಿಸಿಕೊಳ್ಳಿ. "ನಮ್ಮ ವೇಗಕ್ಕೆ ಬರುವುದಾದರೆ ಬನ್ನಿ" ಅನ್ನುವ ಗುಂಪಾದರೆ ಈ ಸಲಕ್ಕೆ ಬೇಡ ಅನ್ನಿ, ಕಾಯುವವರ ಜೊತೆ ಹೋಗಿ.