ಹೆಂಡತಿಗೆ ದಿನಾ ಕೀಲುನೋವು, ಮನೆಯಲ್ಲಿ ದಿನಾ ಜಗಳ. ನಾನೇನು ಮಾಡಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹೆಂಡತಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಗೊತ್ತಾಗಿ ಎಂಟು ತಿಂಗಳಾಗಿದೆ, ಮಾತ್ರೆ ನಡೆಯುತ್ತಿದೆ, ಆದರೂ ಮನೆಯಲ್ಲಿ ದಿನಾ ಜಗಳ, ಅಮ್ಮನಿಗೂ ಅವಳಿಗೂ ಮಾತಿಲ್ಲ, ಕೈ ಹಿಡಿದರೂ ಕಿತ್ತುಕೊಳ್ಳುತ್ತಾಳೆ ಅಂತ ಬರೆದಿದ್ದೀರಿ. ನನಗೂ ಇದೇ ಕಾಯಿಲೆ. ಶುರುವಾಗಿ ಹತ್ತು ವರ್ಷದ ಮೇಲಾಯಿತು. ನೀವು ಅವರನ್ನು ನೋಡುತ್ತಾ ನಿಂತಿದ್ದೀರಿ, ನಾನು ಅವರ ಜಾಗದಲ್ಲಿ ಇರುವವಳು. ಅಲ್ಲಿಂದ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಬೆಳಗಿನ ವಿಷಯ. ಈ ಕಾಯಿಲೆಯಲ್ಲಿ ಎದ್ದ ಮೇಲಿನ ಒಂದು, ಒಂದೂವರೆ ಗಂಟೆ ತುಂಬಾ ಕೆಟ್ಟ ಹೊತ್ತು. ದುಡಿದು ಬಂದ ಮೈಕೈ ನೋವಾದರೆ ಮಲಗಿ ಎದ್ದರೆ ಇಳಿಯುತ್ತದೆ. ಇದು ಉಲ್ಟಾ. ರಾತ್ರಿಯೆಲ್ಲ ಅಲ್ಲಾಡದ ಕೀಲು ಬೆಳಗ್ಗೆ ಬಿಗಿದುಕೊಂಡಿರುತ್ತದೆ, ಬೆರಳು ಮಡಚಲೂ ಆಗುವುದಿಲ್ಲ, ಬಿಚ್ಚಲೂ ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರ ಕೆಲಸವೆಲ್ಲ ಇರುವುದೂ ಅದೇ ಹೊತ್ತಿನಲ್ಲಿ ಅಲ್ವಾ? ಬಾಗಿಲಿಗೆ ನೀರು, ರಂಗೋಲಿ, ಹಾಲು, ಕುಕ್ಕರ್, ಮಗುವಿನ ಡಬ್ಬಿ. ಹತ್ತು ಗಂಟೆ ಹೊತ್ತಿಗೆ ನಾನು ಸುಮಾರಾಗಿ ಓಡಾಡಿಕೊಂಡಿರುತ್ತಿದ್ದೆ. ನೋಡಿದವರಿಗೆ ಏನನ್ನಿಸುತ್ತದೆ? ಕೆಲಸ ಇರುವಾಗ ನೋವು, ಕೆಲಸ ಮುಗಿದ ಮೇಲೆ ಚೆನ್ನಾಗಿರುತ್ತಾಳೆ ಅಂತ. ನಮ್ಮತ್ತೆ ಇದನ್ನು ಬಾಯಿಬಿಟ್ಟೇ ಹೇಳಿದ್ದರು. ಅವತ್ತು ತುಂಬಾ ಅತ್ತಿದ್ದೆ. ಈಗ ಯೋಚನೆ ಮಾಡಿದರೆ ಅವರು ಕಣ್ಣಿಗೆ ಕಂಡಿದ್ದನ್ನೇ ಹೇಳಿದ್ದರು ಅನ್ನಿಸುತ್ತದೆ.

ನಾನು ಮಂಡ್ಯ ಕಡೆಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. 2013ರಲ್ಲಿ ಮಗಳಿಗೆ ಎರಡು ವರ್ಷ. ಬಲಗೈ ಬೆರಳಿನ ಬುಡದ ಗೆಣ್ಣುಗಳು ಊದಿಕೊಂಡವು. ಕತ್ತರಿ ಹಿಡಿದು ಲೈನಿಂಗ್ ಬಟ್ಟೆ ಕತ್ತರಿಸಲು ಹೋದರೆ ಹೆಬ್ಬೆರಳಿನಿಂದ ಮಣಿಕಟ್ಟಿನ ತನಕ ಕಾದ ಕಂಬಿ ಎಳೆದ ಹಾಗೆ ಆಗುತ್ತಿತ್ತು. ಊರಲ್ಲಿ ಎಲ್ಲರದ್ದೂ ಒಂದೇ ಮಾತು, ಚಿಕುನ್‌ಗುನ್ಯಾದ್ದು ಉಳಿದುಕೊಂಡಿದೆ ಅಂತ. 2006ರಲ್ಲಿ ನಮ್ಮ ರಾಜ್ಯದಲ್ಲಿ ಲಕ್ಷಗಟ್ಟಲೆ ಜನ ಆ ಜ್ವರದಲ್ಲಿ ಮಲಗಿದ್ದರಲ್ಲ, ನನಗೂ ಬಂದಿತ್ತು, ಎಷ್ಟೋ ಜನ ತಿಂಗಳುಗಟ್ಟಲೆ ಗೋಡೆ ಹಿಡಿದುಕೊಂಡು ಓಡಾಡಿದ್ದರು, ಹಾಗಾಗಿ ಆಮೇಲೆ ಯಾರಿಗೆ ಕೀಲು ನೋವು ಬಂದರೂ ಅದೇ ಹೆಸರು. ಎರಡು ವರ್ಷ ನೋವಿನ ಮಾತ್ರೆ, ಇಂಜೆಕ್ಷನ್, ಎಣ್ಣೆ ಅಂತ ಕಳೆಯಿತು. ವಾಯು ಅಂತ ಆಲೂಗಡ್ಡೆ ಬಿಟ್ಟೆ, ಕಡಲೆಬೇಳೆ ಬಿಟ್ಟೆ. 2015ರಲ್ಲಿ ಮೈಸೂರಿನ ಒಬ್ಬ ಡಾಕ್ಟರು ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಅಂತ ಎರಡು ರಕ್ತ ಪರೀಕ್ಷೆ ಬರೆದುಕೊಟ್ಟ ಮೇಲೆ ವಿಷಯ ಗೊತ್ತಾಯಿತು. ರೋಗದ ಮೇಲೆ ಹೋರಾಡಬೇಕಾದ ನಮ್ಮ ದೇಹದ ಶಕ್ತಿಯೇ ಕೀಲಿನ ಒಳಪದರದ ಮೇಲೆ ಬೀಳುವ ಕಾಯಿಲೆ ಇದು. ಸರಿಯಾದ ಔಷಧಿ ಇಲ್ಲದೆ ಬಿಟ್ಟರೆ ಪಕ್ಕದ ಮೂಳೆಯೂ ಸವೆಯುತ್ತದೆ. ಆ ಎರಡು ವರ್ಷದಲ್ಲಿ ಓರೆಯಾದ ನನ್ನ ಎರಡು ಬೆರಳು ಇವತ್ತಿಗೂ ಹಾಗೇ ಇವೆ. ನಿಮ್ಮ ಮನೆಯವರಿಗೆ ಕಾಯಿಲೆಯ ಹೆಸರು ಗೊತ್ತಾಗಿ ಔಷಧಿ ನಡೆಯುತ್ತಿದೆ, ದಯವಿಟ್ಟು ಅದನ್ನು ಮಧ್ಯದಲ್ಲಿ ಬಿಡಿಸಬೇಡಿ.

ಆ ಮಾತ್ರೆ ಮೆಥೋಟ್ರೆಕ್ಸೇಟ್ ಆಗಿದ್ದರೆ ಇದನ್ನು ಓದಿ. ಅದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಮ್ಮ ಯಜಮಾನರು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿ, ನಾನು ನುಂಗಿದ ಮೇಲೆ ಅದರ ಮೇಲೆ ಗೀಟು ಎಳೆಯುತ್ತಾರೆ. ಮೊದಲು ಶನಿವಾರ ರಾತ್ರಿ ತೆಗೆದುಕೊಳ್ಳುತ್ತಿದ್ದೆ. ಮಾರನೇ ದಿನ ಪೂರ್ತಿ ವಾಕರಿಕೆ, ಸುಸ್ತು. ಬೇರೆಯವರು ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗುವ ದಿನ ನಮ್ಮ ಮನೆಯಲ್ಲಿ ಅಮ್ಮ ಮಲಗಿರುವ ದಿನವಾಗಿತ್ತು. ಡಾಕ್ಟರನ್ನು ಕೇಳಿ ದಿನ ಬದಲಾಯಿಸಬಹುದು ಅಂತ ಮೂರು ವರ್ಷ ನಮಗೆ ಹೊಳೆಯಲೇ ಇಲ್ಲ. ಈಗ ಬುಧವಾರ. ಭಾನುವಾರ ನಮಗೆ ವಾಪಸ್ಸು ಸಿಕ್ಕಿದೆ.

ನಿಮಗೆ ಮಕ್ಕಳ ಯೋಚನೆ ಇದ್ದರೆ ಆ ವಿಷಯವನ್ನೂ ಈಗಲೇ ಡಾಕ್ಟರ ಹತ್ತಿರ ಮಾತಾಡಿ. ಈ ಮಾತ್ರೆ ನಡೆಯುವಾಗ ಗರ್ಭಿಣಿಯಾಗುವ ಹಾಗಿಲ್ಲ. ಮೊದಲೇ ಹೇಳಿದರೆ ಅವರು ಇದನ್ನು ನಿಲ್ಲಿಸಿ, ಬೇರೆ ಔಷಧಿಗೆ ಬದಲಾಯಿಸಿ, ಇಷ್ಟು ದಿನ ಕಾಯಿರಿ ಅಂತ ಹೇಳುತ್ತಾರೆ. ಈ ಕಾಯಿಲೆ ಇರುವ ಎಷ್ಟೋ ಹೆಂಗಸರಿಗೆ ಆರೋಗ್ಯವಾಗಿರುವ ಮಕ್ಕಳಾಗಿವೆ. ನಮಗೆ ಎರಡನೇದಕ್ಕೆ ಧೈರ್ಯ ಬರಲಿಲ್ಲ. ಹೋದ ಮದುವೆ ಮನೆಯಲ್ಲೆಲ್ಲ 'ಒಂದೇ ಸಾಕಾ? ಅವಳಿಗೊಬ್ಬ ತಮ್ಮ ಬೇಡ್ವಾ?' ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಒಂದು ಸಲ ಊಟದ ಪಂಕ್ತಿಯಲ್ಲೇ ನಮ್ಮ ಯಜಮಾನರು 'ಅದು ನಾವಿಬ್ಬರೂ ಕೂತು ಮಾಡಿದ ತೀರ್ಮಾನ, ಕೇಳೋದಿದ್ರೆ ನನ್ನನ್ನ ಕೇಳಿ' ಅಂದುಬಿಟ್ಟರು. ಆಮೇಲೆ ನಾನು ಮದುವೆಗಳಿಗೆ ಹೋಗಲು ಹೆದರುವುದನ್ನು ಬಿಟ್ಟೆ. ಇಂಥ ಮಾತು ನೀವು ಆಡಬೇಕು, ಅವರ ಬಾಯಿಂದ ಆಡಿಸಬೇಡಿ.

ಇನ್ನು ಜಗಳ. ದಿನಾ ನೋವು ಅಂತ ಹೇಳಲು ನಮಗೇ ನಾಚಿಕೆಯಾಗುತ್ತದೆ. ಕೇಳುವವರಿಗೂ ಸಾಕಾಗಿದೆ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ. ಅದಕ್ಕೇ ಹೇಳುವುದನ್ನು ನಿಲ್ಲಿಸುತ್ತೇವೆ. ಹೇಳದೆ ಉಳಿದಿದ್ದು ಸಿಟ್ಟಾಗಿ ಬರುತ್ತದೆ, ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂದರೂ ಬರುತ್ತದೆ, ಟವೆಲ್ ಹಾಸಿಗೆ ಮೇಲೆ ಬಿದ್ದಿದ್ದರೂ ಬರುತ್ತದೆ. ನನ್ನ ಮಗಳು ಆರು ವರ್ಷದವಳಿದ್ದಾಗ ಅಜ್ಜಿ ಹತ್ತಿರ 'ಅಮ್ಮಂಗೆ ನನ್ನ ಕಂಡ್ರೆ ಆಗಲ್ಲ, ಎತ್ಕೊಳ್ಳಲ್ಲ, ಜಡೆ ಹಾಕಲ್ಲ' ಅಂದಿದ್ದಳು. ನನ್ನ ಕೈಗೆ ಅವಳನ್ನು ಎತ್ತುವ ಶಕ್ತಿ ಇಲ್ಲ ಅಂತ ಆ ಮಗುವಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವತ್ತು ಅವಳನ್ನು ಕೂರಿಸಿಕೊಂಡು ಬೆರಳು ತೋರಿಸಿದೆ. ಊದಿದ ಗೆಣ್ಣಿನ ಮೇಲೆ ಅವಳು ಒಂದು ಬೆರಳು ಇಟ್ಟು, 'ಬಿಸಿ ಇದೆ' ಅಂದಳು. ನಿಜ, ಊದಿಕೊಂಡ ಕೀಲು ಮುಟ್ಟಿದರೆ ಬೆಚ್ಚಗಿರುತ್ತದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಅಭ್ಯಾಸ ಬಂತು. ಚೆನ್ನಾಗಿರುವ ದಿನ ನಾನು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತೇನೆ. ಲೋಟದ ಅಂಚನ್ನು ಬೆರಳ ತುದಿಯಲ್ಲಿ ಹಿಡಿಯಬೇಕಲ್ಲ, ಕೈ ಸರಿಯಿಲ್ಲದ ದಿನ ಅದು ಆಗುವುದಿಲ್ಲ. ಅವತ್ತು ದೊಡ್ಡ ಹಿಡಿ ಇರುವ ಕಪ್ಪು ತೆಗೆದುಕೊಂಡು ಎರಡೂ ಅಂಗೈಯಲ್ಲಿ ಹಿಡಿದು ಕುಡಿಯುತ್ತೇನೆ. ಇದನ್ನು ಮೊದಲು ಕಂಡುಹಿಡಿದಿದ್ದು ಮಗಳು. ಕಪ್ಪು ಕಂಡರೆ ಅವಳು ಅಜ್ಜಿ ಹತ್ತಿರ ಜಡೆ ಹಾಕಿಸಿಕೊಳ್ಳುತ್ತಾಳೆ, ಯಜಮಾನರು ಕುಕ್ಕರ್ ಮುಚ್ಚಳ, ಉಪ್ಪಿನಕಾಯಿ ಜಾಡಿ, ನೀರಿನ ಬಾಟಲಿ ಎಲ್ಲದರ ಬಿರಡೆ ಸಡಿಲ ಮಾಡಿಟ್ಟು ಕೆಲಸಕ್ಕೆ ಹೋಗುತ್ತಾರೆ. ನಾನು ಬಾಯಿ ಬಿಡಬೇಕಾಗಿಲ್ಲ. ಅವರೂ 'ಹೇಗಿದೆ ನೋವು' ಅಂತ ಕೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಕಪ್ಪಿನ ಬದಲು ಬೇರೆ ಏನಾದರೂ ಇರಬಹುದು. ನೋಡಿ, ಸಿಗುತ್ತದೆ.

ನಿಮ್ಮಮ್ಮನ ವಿಷಯ. ಎಷ್ಟು ವಿವರಿಸಿದರೂ ಪ್ರಯೋಜನ ಇಲ್ಲ, ಒಂದು ಸಲ ಡಾಕ್ಟರ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ. ನಮ್ಮತ್ತೆ ಸುಮ್ನೆ ಜೊತೆಗಿರಲಿ ಅಂತ ಬಂದಿದ್ದರು. ಡಾಕ್ಟರು ನನ್ನ ಒಂದೊಂದೇ ಗೆಣ್ಣು ಒತ್ತಿ ನೋಡುತ್ತಿದ್ದರು, ಮಣಿಕಟ್ಟಿಗೆ ಬಂದಾಗ ನನಗೆ ಕಣ್ಣಲ್ಲಿ ನೀರು ಬಂತು. ಅತ್ತೆ ಎದ್ದು ಬಂದು ನನ್ನ ಹಿಂದೆ ನಿಂತರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವ ತನಕ ಮಾತಿಲ್ಲ. ಆಮೇಲೆ 'ಸೋಂಬೇರಿತನ ಅನ್ಕಂಡಿದ್ದೆ ಕಣವ್ವ' ಅಂದರು. ಮಾರನೇ ದಿನದಿಂದ ಮುದ್ದೆ ಕೋಲು ನನ್ನ ಕೈಗೆ ಕೊಡಲಿಲ್ಲ. ಬಿಸಿ ಹಿಟ್ಟಿನಲ್ಲಿ ಕೋಲು ತಿರುಗಿಸುವುದು ಮಣಿಕಟ್ಟಿಗೆ ಎಷ್ಟು ಭಾರ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಹಾಗಂತ ಎಲ್ಲ ಕೆಲಸ ಕಿತ್ತುಕೊಳ್ಳಬೇಡಿ. ಅದೂ ಒಂದು ಥರ ಹಿಂಸೆ. ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ 'ನೀನು ಕೂತ್ಕೋ' ಅನ್ನುವುದು ಎಷ್ಟಾಯಿತು ಅಂದರೆ ನನಗೆ ಬೇರೆಯವರ ಮನೆಯಲ್ಲಿದ್ದೇನೆ ಅನ್ನಿಸುತ್ತಿತ್ತು. ಈಗ ಕತ್ತರಿಸುವುದು ಪಕ್ಕದ ಬೀದಿಯ ಹುಡುಗಿ, ಮಧ್ಯಾಹ್ನ ಮೆಷಿನ್ ಮೇಲೆ ಕೂರುವವಳು ನಾನು. ಮೊದಲಿನ ಅರ್ಧ ಬಟ್ಟೆಯೂ ಹೊಲಿಯುವುದಿಲ್ಲ, ದುಡ್ಡೂ ಅಷ್ಟೇ. ಆದರೆ ಹೊಲಿಯುತ್ತೇನೆ. ಅವರಿಗೆ ಯಾವ ಕೆಲಸ ಬೇಕು ಅಂತ ಅವರನ್ನೇ ಕೇಳಿ.

ಕೊನೆಗೆ ನೀವು ಬರೆದ ಆ ಕೈ ಕಿತ್ತುಕೊಳ್ಳುವ ಮಾತು. ಓದಿದಾಗ ನನಗೆ ಸಂಕಟವಾಯಿತು, ಯಾಕೆಂದರೆ ನಾನೂ ಹಾಗೇ ಮಾಡಿದ್ದೇನೆ, ನಮ್ಮ ಯಜಮಾನರೂ ನಿಮ್ಮ ಹಾಗೇ ಅಂದುಕೊಂಡು ಎಷ್ಟೋ ತಿಂಗಳು ನನ್ನನ್ನು ಮುಟ್ಟುವುದನ್ನೇ ಬಿಟ್ಟಿದ್ದರು. ಪ್ರೀತಿಯಿಂದ ಹಿಡಿದರೆ ಬೆರಳೆಲ್ಲ ಸೇರಿಸಿ ಒತ್ತುತ್ತೇವಲ್ಲ, ಊದಿದ ಗೆಣ್ಣುಗಳು ಒಂದಕ್ಕೊಂದು ಒತ್ತಿಕೊಂಡು ಜೀವ ಹೋಗುತ್ತದೆ. ಕೈ ತಾನಾಗೇ ಹಿಂದಕ್ಕೆ ಬರುತ್ತದೆ, ಮನಸ್ಸು ಅಲ್ಲ. ಬೆರಳು ಬಿಡಿ, ಮೊಣಕೈ ಹತ್ತಿರ ಹಿಡಿಯಿರಿ. ನಾವು ರಸ್ತೆ ದಾಟುವುದು ಹಾಗೇ, ಅವರ ಕೈ ನನ್ನ ಮೊಣಕೈ ಕೆಳಗೆ. ಇವತ್ತು ಸಂಜೆ ಅವರ ಪಕ್ಕ ಕೂತು, ಎಲ್ಲಿ ಹಿಡಿದರೆ ನೋಯುವುದಿಲ್ಲ ಅಂತ ಕೇಳಿ ನೋಡಿ.