ಬನಿಯನ್ ಬಟ್ಟೆಯಲ್ಲಿ ಹೊಲಿಗೆ ಬಿಟ್ಟು ಹೋದರೆ ಹೊಸ ಮೆಷಿನ್ ಬೇಕಾ?

ಹತ್ತಿಯ ಫ್ರಾಕ್ ಚೆನ್ನಾಗಿ ಬರುತ್ತದೆ, ಮಗುವಿನ ಟಿ-ಶರ್ಟ್ ಬಟ್ಟೆಯಲ್ಲಿ ಮಾತ್ರ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ ಅಂದಿದ್ದೀರಿ. ಹಾಗಾದರೆ ತಪ್ಪು ಬಹುತೇಕ ಸೂಜಿಯದು. ಹೊಸ ಮೆಷಿನ್ ಕೊಳ್ಳುವ ಮುಂಚೆ ಇಷ್ಟು ಮಾಡಿ ನೋಡಿ.

ಮೊದಲು ಬಾಲ್ ಪಾಯಿಂಟ್ ಸೂಜಿ, ಅಂದರೆ ಮೊನೆ ಉರುಟಾಗಿರುವ ಸೂಜಿ ತನ್ನಿ, 75/11 ನಂಬರಿನದು. ಮಾಮೂಲಿ ಸೂಜಿಯ ಚೂಪು ಮೊನೆ ಹೆಣೆದ ಬಟ್ಟೆಯ ಎಳೆಯನ್ನೇ ಚುಚ್ಚುತ್ತದೆ. ಬಟ್ಟೆ ಸೂಜಿಯ ಜೊತೆ ಮೇಲೆದ್ದು ಬರುತ್ತದೆ, ಕೆಳಗೆ ದಾರದ ಕುಣಿಕೆ ಸರಿಯಾಗಿ ಆಗುವುದಿಲ್ಲ. ಉರುಟು ಮೊನೆಯಾದರೆ ಎಳೆಗಳ ನಡುವೆ ಜಾರಿ ಇಳಿಯುತ್ತದೆ. ಹಾಕುವಾಗ ಸೂಜಿಯ ಮೇಲ್ತುದಿಯ ಚಪ್ಪಟೆ ಬದಿ ಹಳೇ ಸೂಜಿಗೆ ಇದ್ದ ಕಡೆಗೇ ಇರಲಿ. ಪೂರ್ತಿ ಮೇಲಕ್ಕೆ ತಳ್ಳಿ ತಿರುಪು ಬಿಗಿ ಮಾಡಿ.

ಆಮೇಲೆ ಪಾಲಿಯೆಸ್ಟರ್ ದಾರ, ಕಿರಿದಾದ ಜಿಗ್‌ಜಾಗ್: ಅಗಲ 1 ಮಿ.ಮೀ., ಉದ್ದ 2.5 ಮಿ.ಮೀ. ನೇರ ಹೊಲಿಗೆ ಹಾಕಿದರೆ ಮಗುವಿನ ತಲೆ ತೂರಿಸುವಾಗ ಕುತ್ತಿಗೆಯ ಹತ್ತಿರ ಪಟ್ ಅಂತ ಕಿತ್ತು ಬರುತ್ತದೆ. ಬಟ್ಟೆಯನ್ನು ಎಳೆಯಬೇಡಿ, ಸುಮ್ನೆ ದಾರಿ ತೋರಿಸಿದರೆ ಸಾಕು. ಮೊದಲು ಅದೇ ಬಟ್ಟೆಯ ತುಂಡನ್ನು ಎರಡು ಪದರ ಮಾಡಿ ಹೊಲಿದು ನೋಡಿ.

ಆಗಲೂ ಹೊಲಿಗೆ ಬಿಟ್ಟರೆ ಟೈಮಿಂಗ್, ಅಂದರೆ ಸೂಜಿ ಮತ್ತು ಕೆಳಗೆ ದಾರ ಹಿಡಿಯುವ ಕೊಕ್ಕೆ ಸರಿಯಾದ ಹೊತ್ತಿಗೆ ಸೇರುವುದು, ತಪ್ಪಿರಬಹುದು. ಅದನ್ನು ಮೆಷಿನ್ ಬಿಚ್ಚಿ ನೋಡದೆ ಹೇಳುವುದು ಕಷ್ಟ, ರಿಪೇರಿಯವರಿಗೆ ತೋರಿಸಿ. ನಿಮ್ಮದು ನೇರ ಹೊಲಿಗೆಯ ಮೆಷಿನ್ ಮಾತ್ರ ಆಗಿದ್ದರೆ ಹೊಸದು ಕೊಳ್ಳಬಹುದು. ಎಷ್ಟು ಡಿಸೈನ್ ಇದೆ ಅಂತ ಎಣಿಸಬೇಡಿ, ಅವನ್ನು ಬಳಸುವುದೇ ಕಡಿಮೆ ಅಲ್ವಾ? ಜಿಗ್‌ಜಾಗ್ ಅಗಲ, ಉದ್ದ ಬದಲಿಸಲು ಬರಬೇಕು. ಅಂಗಿಯ ಪುಟ್ಟ ತೋಳು ತೂರಿಸಲು ಫ್ರೀ ಆರ್ಮ್, ಅಂದರೆ ಕೆಳಗೆ ಖಾಲಿ ಜಾಗವಿರುವ ಕಿರಿದಾದ ಹೊಲಿಯುವ ಭಾಗ, ಇರಬೇಕು. ಹೋಗುವಾಗ ಹಳೇ ಟಿ-ಶರ್ಟಿನ ತುಂಡು, ಜೀನ್ಸ್ ತುಂಡು ಎರಡೂ ತೆಗೆದುಕೊಂಡು ಹೋಗಿ, ಅಲ್ಲೇ ಹೊಲಿದು ನೋಡಿ.