ಕ್ಯಾನಿಗೆ ಎಷ್ಟು ಮುಚ್ಚಳ ಔಷಧಿ?

ಪ್ರಶ್ನೆ: ಲೇಬಲ್‌ನಲ್ಲಿ ಎಕರೆಗೆ 200 ಮಿ.ಲೀ. ಕೀಟನಾಶಕ, 200 ಲೀಟರ್ ನೀರು ಅಂತಿದೆ. ನನ್ನದು 16 ಲೀಟರಿನ ಕ್ಯಾನು. ಕ್ಯಾನಿಗೆ 16 ಮಿ.ಲೀ. ಹಾಕಿ ಹೊಡೆದೆ, ಆರು ಕ್ಯಾನಿಗೆ ಎಕರೆ ಮುಗಿಯಿತು. ಹುಳ ಸಾಯಲಿಲ್ಲ. ಅಂಗಡಿಯವರು ಎರಡು ಮುಚ್ಚಳ ಜಾಸ್ತಿ ಹಾಕಿ ಅಂತಾರೆ.

ಉತ್ತರ: ವಾರಕ್ಕೆ ಹತ್ತು ಜನ ಇದನ್ನೇ ಕೇಳುತ್ತಾರೆ. ಲೀಟರಿಗೆ 1 ಮಿ.ಲೀ. ಎಂಬ ನಿಮ್ಮ ಲೆಕ್ಕ ಸರಿ, ತಪ್ಪಿದ್ದು ನೀರಿನಲ್ಲಿ. ಆರು ಕ್ಯಾನೆಂದರೆ 96 ಲೀಟರ್, ಹೊಲಕ್ಕೆ ಬಿದ್ದದ್ದು 96 ಮಿ.ಲೀ. ಅರ್ಧವೂ ಇಲ್ಲ. ಔಷಧಿಯನ್ನು ಬೈದು ಏನು ಪ್ರಯೋಜನ?

ಹಾಗಂತ ಆರೇ ಕ್ಯಾನಿಗೆ 33 ಮಿ.ಲೀ.ನಂತೆ ಸುರಿಯಬೇಡಿ. ಎಕರೆ ಲೆಕ್ಕ ಕೂಡುತ್ತದೆ, ಆದರೆ ದ್ರಾವಣ ಎರಡರಷ್ಟು ಗಡುಸಾಗಿ ಎಲೆಯಂಚು ಸುಡಬಹುದು. ನೀರು ಸಾಲದೆ ಎಲೆಯ ಅಡಿ ನೆನೆಯದಿದ್ದರೆ ಅಲ್ಲಿ ಕೂತ ಹುಳ ಹಾಗೇ ಉಳಿಯುತ್ತದೆ.

ಮೊದಲು ಬರೀ ನೀರಿನಲ್ಲಿ ಅಳೆಯಿರಿ. 33 ಅಡಿ ಉದ್ದ, 33 ಅಡಿ ಅಗಲ ಗುರುತು ಹಾಕಿದರೆ ಒಂದು ಗುಂಟೆ. ಕ್ಯಾನಿಗೆ 10 ಲೀಟರ್ ಗೆರೆವರೆಗೆ ನೀರು ತುಂಬಿ, ದಿನಾ ನಡೆಯುವ ನಡಿಗೆಯಲ್ಲೇ ಹೊಡೆಯಿರಿ. ಮತ್ತೆ ಅದೇ ಗೆರೆಗೆ ಬರಲು ಎಷ್ಟು ನೀರು ಬೇಕಾಯಿತೋ ಅದನ್ನು 40ರಿಂದ ಗುಣಿಸಿ, ಅದೇ ಎಕರೆಯ ನೀರು. ನಿಮ್ಮದು ಎರಡೂವರೆ ಲೀಟರಿನ ಹತ್ತಿರ ಬರುತ್ತದೆ, 5 ಬರಬೇಕು. ನಿಧಾನ ನಡೆಯಿರಿ, ಇಲ್ಲವೇ ದೊಡ್ಡ ರಂಧ್ರದ ನಾಝಲ್ ಹಾಕಿ. 5 ಬಂದ ಮೇಲೆ ಕ್ಯಾನಿಗೆ 16 ಮಿ.ಲೀ., ಎಕರೆಗೆ ಹನ್ನೆರಡೂವರೆ ಕ್ಯಾನು.

ಅರ್ಧ ಕ್ಯಾನು ನೀರು, ಆಮೇಲೆ ಔಷಧಿ, ಕಲಕಿ ಉಳಿದ ನೀರು. ಮುಚ್ಚಳದ ಅಳತೆ ಬಿಟ್ಟುಬಿಡಿ. ಕಾಲು ಲೀಟರ್ ಬಾಟಲಿಯ ಮುಚ್ಚಳ ಬೇರೆ, ಒಂದು ಲೀಟರಿನದು ಬೇರೆ. ಗೆರೆ ಇರುವ ಅಳತೆ ಲೋಟ ಇಟ್ಟುಕೊಳ್ಳಿ, ಕೈಗವಸೂ ಇರಲಿ.

ಪ್ರಶ್ನೆ: ಬೇವಿನೆಣ್ಣೆ ಲೀಟರಿಗೆ 2 ಮಿ.ಲೀ.ಯೋ 5 ಮಿ.ಲೀ.ಯೋ?

ಉತ್ತರ: ಬಾಟಲಿ ಮೇಲೆ ಹುಳಕ್ಕೆ ತಾಗುವ ಬೇವಿನ ಸತ್ವ (ಅಜಾಡಿರಾಕ್ಟಿನ್) 1,500 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 1,500 ಭಾಗ ಇದೆಯೋ, 10,000 ಇದೆಯೋ ಮೊದಲು ನೋಡಿ. ಅದನ್ನು ಕೇಳದೆ ಡೋಸ್ ಹೇಳುವವರಿಂದ ದೂರವಿರಿ.

ಪ್ರಶ್ನೆ: ಶೇ 3ರ ಪಂಚಗವ್ಯಕ್ಕೆ ಕ್ಯಾನಿಗೆ ಎಷ್ಟು?

ಉತ್ತರ: 480 ಮಿ.ಲೀ. ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ನಾಝಲ್ ಕಟ್ಟುತ್ತದೆ.

ಪ್ರಶ್ನೆ: ಕಳೆನಾಶಕ ಹೊಡೆದ ಕ್ಯಾನನ್ನೇ ತೊಳೆದು ಬಳಸಬಹುದೇ?

ಉತ್ತರ: ಬೇರೆ ಕ್ಯಾನು ಇಡಿ. ಇದನ್ನು ಇನ್ನು ಕೇಳಬೇಡಿ.